ಹಾರ್ಮೋನ್ ಚಿಕಿತ್ಸೆಯ ಅವಧಿಯಲ್ಲಿ ದೇಹದ ಬದಲಾವಣೆ ಮತ್ತು ಮಾನರಕ್ಷಣೆ: ಲಿಂಗತ್ವ ಅಲ್ಪಸಂಖ್ಯಾತ ಮಹಿಳಾ ಅರ್ಜಿದಾರರಿಗೆ ಮಾಹಿತಿ

ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಹಿಳೆಯರು ಪಡಿತರ ಚೀಟಿ, ಆಧಾರ್ ತಿದ್ದುಪಡಿ, ಮೈತ್ರಿ ಯೋಜನೆಯ ಮಾಸಾಶನ, ಗುರುತಿನ ಪ್ರಮಾಣಪತ್ರ ಮುಂತಾದ ಸೇವೆಗಳಿಗಾಗಿ ಸರ್ಕಾರಿ ಕಚೇರಿಗಳಿಗೆ ಬರುವಾಗ ಅವರ ಪೈಕಿ ಕೆಲವರು ಹಾರ್ಮೋನ್ ಚಿಕಿತ್ಸೆಯಲ್ಲಿ ಇರುತ್ತಾರೆ. ಸದರಿ ಚಿಕಿತ್ಸೆಯು ದೇಹವನ್ನು ಒಂದೇ ದಿನದಲ್ಲಿ ಬದಲಿಸುವುದಿಲ್ಲ. ತಿಂಗಳುಗಳ ಲೆಕ್ಕದಲ್ಲಿ, ಕೆಲವು ಅಂಶಗಳಲ್ಲಿ ವರ್ಷಗಳ ಲೆಕ್ಕದಲ್ಲಿ ಬದಲಿಸುತ್ತದೆ. ಈ ನಡುವಿನ ಕಾಲದಲ್ಲಿ ದಾಖಲೆಯ ಭಾವಚಿತ್ರ ಒಂದು, ಎದುರಿಗೆ ನಿಂತ ಮುಖ ಇನ್ನೊಂದು ಎಂಬ ಸ್ಥಿತಿ ಉಂಟಾಗುತ್ತದೆ. ಸಾಲಿನಲ್ಲಿ ನಿಂತ ಹತ್ತಾರು ಜನರು ಕೇಳಿಸಿಕೊಳ್ಳುವಂತೆ ದೇಹದ ಬಗ್ಗೆ ಪ್ರಶ್ನೆ ಬಂದೀತೆಂಬ ಅಂಜಿಕೆಯಿಂದ, ಅರ್ಹತೆಯಿದ್ದವರೂ ಅರ್ಜಿಯನ್ನೇ ಸಲ್ಲಿಸದೆ ಉಳಿಯುವುದುಂಟು. ಆದ್ದರಿಂದ ಚಿಕಿತ್ಸೆಯ ಅವಧಿಯಲ್ಲಿ ದೇಹದಲ್ಲಿ ಏನಾಗುತ್ತದೆ, ಮಾನವನ್ನು ಕಾಪಾಡಿಕೊಳ್ಳುವುದು ಹೇಗೆ, ಕಚೇರಿಯಲ್ಲಿ ಯಾವುದನ್ನು ತೋರಿಸಬೇಕು ಮತ್ತು ಯಾವುದನ್ನು ತೋರಿಸಬೇಕಾಗಿಲ್ಲ ಎಂಬ ವಿವರಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ.

ವಿವರಣೆಯ ಅನುಕೂಲಕ್ಕಾಗಿ, ವಿಜಯನಗರದ ಮಾರೇನಹಳ್ಳಿಯಲ್ಲಿ ಬಾಡಿಗೆಗೆ ವಾಸವಿರುವ ಇಪ್ಪತ್ತೆಂಟು ವರ್ಷದ ಅರ್ಜಿದಾರರೊಬ್ಬರನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಇದು ಯಾವುದೇ ನಿರ್ದಿಷ್ಟ ವ್ಯಕ್ತಿಯ ಪ್ರಕರಣವಲ್ಲ.

ಯಾರಿಗೆ ಈ ಮಾಹಿತಿ

ಹುಟ್ಟಿದಾಗ ಗಂಡುಮಗುವೆಂದು ದಾಖಲಾಗಿ, ಬೆಳೆಯುತ್ತಾ ತಮ್ಮನ್ನು ಹೆಣ್ಣೆಂದು ಅರಿತುಕೊಂಡವರು ಕರ್ನಾಟಕದಲ್ಲಿ ಹಲವು ಹೆಸರುಗಳಿಂದ ಕರೆಯಲ್ಪಡುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪ ಅಥವಾ ಜೋಗತಿಯರಿದ್ದಾರೆ. ನಗರಗಳಲ್ಲಿ ಹಿಜ್ರಾ ಸಮುದಾಯವಿದೆ. ಆಡುಮಾತಿನಲ್ಲಿ ಮಂಗಳಮುಖಿ ಎಂಬ ಪದವೂ ಬಳಕೆಯಲ್ಲಿದೆ. ಸರ್ಕಾರದ ಕನ್ನಡ ಕಡತಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎಂಬ ಪದ ರೂಢಿಗೆ ಬಂದಿದೆ. ಹಾರ್ಮೋನ್ ಚಿಕಿತ್ಸೆಯನ್ನು ಇವರೆಲ್ಲರೂ ಪಡೆಯುವುದಿಲ್ಲ, ಪಡೆಯಲೇಬೇಕೆಂದೂ ಇಲ್ಲ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಬಿ. ಮಂಜಮ್ಮ ಜೋಗತಿಯವರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದದ್ದನ್ನು ದೇಶವೇ ಕಂಡಿತು. ಆ ಸೆರಗಿಗೆ ಯಾವ ವೈದ್ಯಕೀಯ ಚೀಟಿಯೂ ಬೇಕಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು, ಲೈಂಗಿಕ ಆರೋಗ್ಯಕ್ಕೆ ಸಂಬಂಧಿಸಿದ ಅಧ್ಯಾಯಕ್ಕೆ ಸೇರಿಸಿದ್ದು, ಈ ಪರಿಷ್ಕರಣೆಯು 2022ರ ಜನವರಿ 1ರಿಂದ ಜಾರಿಗೆ ಬಂದಿರುತ್ತದೆ. ಅಂದರೆ ಚಿಕಿತ್ಸೆ ಪಡೆಯುವವರು ಮನೋರೋಗಿಗಳೆಂಬ ಭಾವನೆಗೆ ಆಧಾರವಿಲ್ಲ.

ಚಿಕಿತ್ಸೆಯ ಸ್ವರೂಪ

ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಔಷಧಗಳಿರುತ್ತವೆ. ಒಂದು, ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್. ಇದನ್ನು ಎಸ್ಟ್ರಡಯಾಲ್ ರೂಪದಲ್ಲಿ ಮಾತ್ರೆಯಾಗಿ, ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಅಂಟುಪಟ್ಟಿಯಾಗಿ, ಇಲ್ಲವೇ ಚುಚ್ಚುಮದ್ದಾಗಿ ನೀಡಲಾಗುತ್ತದೆ. ಇನ್ನೊಂದು, ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ಪ್ರಭಾವವನ್ನು ತಗ್ಗಿಸುವ ಔಷಧ. ಸ್ಪೈರೊನೊಲ್ಯಾಕ್ಟೋನ್ ಹಾಗೂ ಸೈಪ್ರೊಟೆರೋನ್ ಇವುಗಳಲ್ಲಿ ಹೆಚ್ಚು ಬಳಕೆಯವು. ಯಾವುದನ್ನು, ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿ ಎಂಬುದನ್ನು ಹಾರ್ಮೋನ್ ತಜ್ಞರು ರಕ್ತಪರೀಕ್ಷೆಯ ಫಲಿತಾಂಶ ನೋಡಿ ನಿರ್ಧರಿಸತಕ್ಕದ್ದು. ಮೊದಲ ವರ್ಷದಲ್ಲಿ ಸುಮಾರು ಮೂರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೆ ಒಂದೆರಡು ಬಾರಿ ಪರೀಕ್ಷೆ ಮಾಡಿಸುವುದು ರೂಢಿ.

ಸ್ನೇಹಿತರು ಹೇಳಿದರೆಂದು ಔಷಧದ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆಗಳನ್ನು ತಂದು, ದಿನಕ್ಕೆ ಎರಡು ಮೂರರಂತೆ ನುಂಗುವ ಅಭ್ಯಾಸ ಅತ್ಯಂತ ಅಪಾಯಕರ. ಈ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಎಸ್ಟ್ರಡಯಾಲ್ ಎಂಬ ಬೇರೆಯದೇ ಈಸ್ಟ್ರೋಜನ್. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಇದರಿಂದ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಅದು ಇನ್ನೂ ಹೆಚ್ಚು. ಆದ್ದರಿಂದಲೇ ಈ ಚಿಕಿತ್ಸೆಗೆ ವೈದ್ಯರು ಇದನ್ನು ಬಳಸುವುದಿಲ್ಲ. ಒಂದೇ ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಬ್ಬಸ, ಎದೆನೋವು, ತಾಳಲಾರದ ತಲೆನೋವು ಕಂಡುಬಂದಲ್ಲಿ ಅದೇ ದಿನ, ತಡಮಾಡದೆ, ಆಸ್ಪತ್ರೆಗೆ ಹೋಗತಕ್ಕದ್ದು. ಅಲ್ಲಿ ಯಾವ ಮಾತ್ರೆ ತೆಗೆದುಕೊಳ್ಳಲಾಗುತ್ತಿದೆ ಎಂಬುದನ್ನು ಸಂಕೋಚಪಟ್ಟು ಮುಚ್ಚಿಡಬಾರದು. ಪ್ರಮಾಣವನ್ನು ದುಪ್ಪಟ್ಟು ಮಾಡಿದರೆ ಬದಲಾವಣೆ ಬೇಗನೆ ಆಗುವುದೆಂಬುದೂ ತಪ್ಪು ಕಲ್ಪನೆ.

ಮಕ್ಕಳನ್ನು ಪಡೆಯುವ ಶಕ್ತಿ ಚಿಕಿತ್ಸೆಯಿಂದ ಕುಂದುತ್ತದೆ, ಶಾಶ್ವತವಾಗಿಯೂ ಹೋಗಬಹುದು. ಆ ಇಚ್ಛೆ ಇರುವವರು ಮೊದಲ ಮಾತ್ರೆಗೂ ಮುಂಚೆ ವೀರ್ಯ ಸಂರಕ್ಷಣೆಯ ಬಗ್ಗೆ ವೈದ್ಯರೊಂದಿಗೆ ಚರ್ಚಿಸಬೇಕು. ಹಾಗೆಂದು ಚಿಕಿತ್ಸೆಯೇ ಸಂತಾನ ನಿಯಂತ್ರಣದ ಕೆಲಸ ಮಾಡುತ್ತದೆ ಎಂದು ನಂಬುವಂತೆಯೂ ಇಲ್ಲ.

ಯಾವ ಬದಲಾವಣೆ, ಯಾವಾಗ

ಮೊದಲ ಒಂದರಿಂದ ಮೂರು ತಿಂಗಳಲ್ಲಿ ಆಗುವ ಬದಲಾವಣೆ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಕಾಮಾಸಕ್ತಿ ಕುಗ್ಗುತ್ತದೆ, ಬೆಳಗಿನ ಹೊತ್ತು ತಾನಾಗಿ ಉಂಟಾಗುತ್ತಿದ್ದ ಉದ್ರೇಕ ಕಡಿಮೆಯಾಗುತ್ತದೆ. ಮೂರರಿಂದ ಆರು ತಿಂಗಳ ಹೊತ್ತಿಗೆ ಚರ್ಮದ ಜಿಡ್ಡು ಕಡಿಮೆಯಾಗಿ ಮೈ ಮೃದುವಾಗತೊಡಗುತ್ತದೆ. ತೋಳಿನ ಮಾಂಸಖಂಡ ಇಳಿಯುತ್ತದೆ. ಕೊಬ್ಬು ಹೊಟ್ಟೆಯ ಬದಲು ಸೊಂಟ, ತೊಡೆ, ಕೆನ್ನೆಗಳಲ್ಲಿ ನಿಲ್ಲತೊಡಗುತ್ತದೆ. ವೃಷಣಗಳ ಗಾತ್ರ ಕುಗ್ಗಲಾರಂಭಿಸುತ್ತದೆ. ಮೂಟೆ ಹೊರುವ, ಗ್ಯಾಸ್ ಸಿಲಿಂಡರ್ ಸಾಗಿಸುವ ಕೆಲಸದಲ್ಲಿರುವವರು ಮೊದಲಿನಷ್ಟು ಭಾರ ಎತ್ತಲಾಗುತ್ತಿಲ್ಲ ಎಂದು ಗಾಬರಿಪಡಬೇಕಾಗಿಲ್ಲ. ಇದು ನಿರೀಕ್ಷಿತ ಪರಿಣಾಮ. ಆದರೆ ಕೂಲಿಯ ಲೆಕ್ಕದಲ್ಲಿ ಇದನ್ನು ಮುಂಚಿತವಾಗಿ ಎಣಿಸಿಕೊಳ್ಳುವುದು ಒಳಿತು.

ಇದೇ ಮೂರರಿಂದ ಆರನೆಯ ತಿಂಗಳ ನಡುವೆ ಎದೆಯ ಬೆಳವಣಿಗೆ ಆರಂಭವಾಗುತ್ತದೆ. ಮೊಲೆತೊಟ್ಟಿನ ಹಿಂಭಾಗದಲ್ಲಿ ಗಟ್ಟಿಯಾದ ಬಿಲ್ಲೆಯಂತಹ ಸಣ್ಣ ಗಂಟು ಕೈಗೆ ಸಿಗುತ್ತದೆ. ಅದು ನೋಯುತ್ತದೆ, ಬಟ್ಟೆ ಉಜ್ಜಿದರೂ ನೋಯುತ್ತದೆ, ನೂಕುನುಗ್ಗಲಿನ ಬಸ್ಸಿನಲ್ಲಿ ಮೊಣಕೈ ತಾಗಿದರಂತೂ ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ. ಒಂದು ಕಡೆ ಮೊದಲು, ಇನ್ನೊಂದು ಕಡೆ ನಂತರ ಬೆಳೆಯುವುದೂ ಸಹಜ. ಹನ್ನೆರಡು ಹದಿಮೂರು ವರ್ಷದ ಹುಡುಗಿಯರಲ್ಲಿ ಆಗುವುದೂ ಇದೇ. ಬೆಳವಣಿಗೆ ಪೂರ್ಣವಾಗಲು ಎರಡರಿಂದ ಮೂರು ವರ್ಷ ಬೇಕು. ಎಷ್ಟು ಬೆಳೆಯುವುದೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಚಿಕಿತ್ಸೆ ನಿಲ್ಲಿಸಿದರೆ ಕೊಬ್ಬು, ಮಾಂಸಖಂಡ ಹಿಂದಿನ ಸ್ಥಿತಿಯತ್ತ ಮರಳಬಹುದು. ಬೆಳೆದ ಎದೆ ಮಾತ್ರ ತಾನಾಗಿ ಮರಳುವುದಿಲ್ಲ. ಚಿಕಿತ್ಸೆ ಆರಂಭಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳಲ್ಲಿ ಇದು ಮುಖ್ಯವಾದುದು.

ಮೈಕೂದಲು ಆರರಿಂದ ಹನ್ನೆರಡು ತಿಂಗಳ ನಂತರ ತೆಳುವಾಗುತ್ತಾ ಬಂದು, ಮೂರು ವರ್ಷ ಮೀರಿಯೂ ಬದಲಾಗುತ್ತಿರುತ್ತದೆ. ಗಡ್ಡ ಮಾತ್ರ ಪೂರ್ತಿ ಹೋಗುವುದಿಲ್ಲ. ಅದಕ್ಕೆ ಲೇಸರ್ ಅಥವಾ ವಿದ್ಯುತ್ತಿನಿಂದ ಬೇರು ಸುಡುವ ಕ್ರಮವೇ ಬೇಕಾಗುತ್ತದೆ. ದನಿ ಬದಲಾಗುವುದಿಲ್ಲ. ಎತ್ತರ, ಅಂಗೈ ಅಂಗಾಲಿನ ಮೂಳೆ, ಗಂಟಲ ಗಂಟು ಇವೂ ಬದಲಾಗುವುದಿಲ್ಲ. ಮುಖ ಕಂಡು ಸುಮ್ಮನಿದ್ದವರು ದನಿ ಕೇಳಿ ತಿರುಗಿ ನೋಡುವುದು ಈ ಕಾರಣದಿಂದ. ಬಯಸುವವರಿಗೆ ವಾಕ್ ಚಿಕಿತ್ಸಕರಿಂದ ದನಿಯ ತರಬೇತಿ ದೊರೆಯುತ್ತದೆ.

ಬದಲಾಗದೆ ಉಳಿಯುವ ಇನ್ನೊಂದು ಅಂಶ ಸೇವಾ ಅರ್ಜಿದಾರರಿಗೆ ಬಹಳ ಉಪಯುಕ್ತವಾದುದು: ಬೆರಳಚ್ಚಿನ ಗೆರೆಗಳನ್ನು ಹಾರ್ಮೋನು ಬದಲಿಸುವುದಿಲ್ಲ. ಕಣ್ಣಿನ ಪಾಪೆಯ ವಿನ್ಯಾಸವನ್ನೂ ಬದಲಿಸುವುದಿಲ್ಲ. ಈ ವಿಷಯವನ್ನು ಮುಂದೆ ಮತ್ತೆ ಪ್ರಸ್ತಾಪಿಸಲಾಗಿದೆ.

ಮನೆ, ಬಚ್ಚಲು, ಉಡುಪು

ಮಾರೇನಹಳ್ಳಿಯು ವಿಜಯನಗರ ಬಡಾವಣೆ ಬೆಳೆದಂತೆ ನಗರದೊಳಗೆ ಸೇರಿಹೋದ ಹಳ್ಳಿ. ಇಂತಹ ಪ್ರದೇಶದ ವಠಾರವೊಂದರಲ್ಲಿ ನಾಲ್ಕಾರು ಮನೆಗಳಿಗೆ ಒಂದು ಬಚ್ಚಲು, ಒಂದು ಶೌಚಾಲಯ, ಬಟ್ಟೆ ಒಣಗಿಸಲು ಒಂದೇ ತಂತಿ ಇರುವುದು ಸಾಮಾನ್ಯ. ಉದಾಹರಣೆಯ ಅರ್ಜಿದಾರರು ನಿನ್ನೆಯವರೆಗೆ ಲುಂಗಿಯುಟ್ಟು, ಬರಿಮೈಯಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋಗುತ್ತಿದ್ದವರು. ನಾಲ್ಕನೆಯ ತಿಂಗಳಿಗೆ ಅದು ಸಾಧ್ಯವಾಗದು. ಇದ್ದಕ್ಕಿದ್ದಂತೆ ಅಂಗಿ ತೊಟ್ಟು ಸ್ನಾನಕ್ಕೆ ಹೊರಟರೆ ವಠಾರದವರು ಏಕೆಂದು ಕೇಳುತ್ತಾರೆ; ತೊಡದೆ ಹೊರಟರೆ ಕೇಳದೆಯೇ ನೋಡುತ್ತಾರೆ.

ಹುಡುಗಿ ಮೈನೆರೆಯುವ ಕಾಲದಲ್ಲಿ ಅಜ್ಜಿಯೋ ದೊಡ್ಡಮ್ಮನೋ ಜೊತೆಗಿದ್ದು, ದುಪಟ್ಟಾ ಹೇಗೆ ಹೊದೆಯಬೇಕು, ಸೆರಗಿಗೆ ಪಿನ್ನು ಎಲ್ಲಿ ಹಾಕಬೇಕು, ಒಳಉಡುಪನ್ನು ಟವೆಲಿನ ಕೆಳಗೆ ಹೇಗೆ ಒಣಹಾಕಬೇಕು ಎಂಬುದನ್ನೆಲ್ಲ ಯಾರಿಗೂ ಕೇಳಿಸದಂತೆ ಹೇಳಿಕೊಡುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಗೆ ಈ ಪಾಠ ಬೇಕಾಗುವುದು ಇಪ್ಪತ್ತೆಂಟರಲ್ಲೋ ಮೂವತ್ತೈದರಲ್ಲೋ. ಸಮುದಾಯದ ಗುರುವಿನ ಆಶ್ರಯದಲ್ಲಿ ಇರುವವರಿಗೆ ಗುರುವೇ ತಾಯಿಯಂತೆ ಹೇಳಿಕೊಡುವುದುಂಟು. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಹೇಳುವವರಿಲ್ಲ. ಆದ್ದರಿಂದ ಸಾಮಾನ್ಯವೆನಿಸುವ ಕೆಲವು ವಿಷಯಗಳನ್ನೂ ಇಲ್ಲಿ ಬರೆಯಲಾಗಿದೆ.

ಬೆಳವಣಿಗೆಯ ಆರಂಭದಲ್ಲಿ ಹತ್ತಿಯ ಮೆತ್ತನೆಯ ಬನಿಯನ್ ಅಥವಾ ಹೊಲಿಗೆ ಒತ್ತದ ಸ್ಲಿಪ್ ಸಾಕು. ಗಂಟು ನೋಯುವ ಕಾಲದಲ್ಲಿ ತಂತಿ ಇರುವ ಬ್ರಾ ಬೇಡ. ಕಚೇರಿಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಇನ್ನೂ ಗಂಡಸಿನ ಉಡುಪಿನಲ್ಲೇ ಇರಬೇಕಾದವರು ಎದೆ ಕಾಣದಿರಲೆಂದು ಅಗಲ ಪಟ್ಟಿಯಿಂದ ಬಿಗಿಯಾಗಿ ಕಟ್ಟಿಕೊಳ್ಳುವುದುಂಟು. ಹೀಗೆ ದಿನವಿಡೀ ಕಟ್ಟಿದರೆ ಉಸಿರಾಟಕ್ಕೆ ತೊಂದರೆ, ಬೆವರಿನಿಂದ ಗುಳ್ಳೆ, ಪಕ್ಕೆಲುಬಿನ ನೋವು ಬರುತ್ತವೆ. ಅದರ ಬದಲು ಗಾಢ ಬಣ್ಣದ, ಎದೆಯ ಮೇಲೆ ಜೇಬಿರುವ ಸಡಿಲ ಅಂಗಿ, ಅದರೊಳಗೆ ಹತ್ತಿಯ ಬನಿಯನ್ ಮೇಲು. ಕೆಳಭಾಗವನ್ನು ಬಿಗಿದು ಕಟ್ಟುವ ಅಭ್ಯಾಸವಿರುವವರು ಅಂಟುಪಟ್ಟಿ ಬಳಸದೆ ಬಿಗಿಯಾದ ಹತ್ತಿಯ ಒಳಚಡ್ಡಿಯನ್ನಷ್ಟೇ ಬಳಸಿ, ಮನೆಗೆ ಬಂದೊಡನೆ ಬಿಚ್ಚುವುದು ಒಳ್ಳೆಯದು. ಚರ್ಮ ಸುಲಿಯುವುದು, ಉರಿಮೂತ್ರ ಬರುವುದು ಇದರಿಂದ ತಪ್ಪುತ್ತದೆ.

ರವಿಕೆ ಹೊಲಿಸುವುದು ಬೇರೆಯದೇ ಕಷ್ಟ. ದರ್ಜಿಯ ಬಳಿ ಹೋದರೆ ಮೊದಲು ಕೇಳುವುದು ಅಳತೆ ರವಿಕೆಯನ್ನು; ಮೊದಲ ಬಾರಿಗೆ ಹೊಲಿಸುವವರ ಬಳಿ ಅದು ಇರುವುದಿಲ್ಲ. ಅಂಗಡಿಯಲ್ಲಿ ಎಲ್ಲರೆದುರು ಮೈಯಳತೆ ಕೊಡಲು ಸಂಕೋಚವಿದ್ದಲ್ಲಿ, ಮನೆಯಲ್ಲೇ ಟೇಪು ಹಿಡಿದು ಎದೆಯ ಕೆಳಗಿನ ಸುತ್ತಳತೆ, ಎದೆಯ ಸುತ್ತಳತೆ, ಭುಜ, ತೋಳು, ಉದ್ದ ಇವುಗಳನ್ನು ಇಂಚಿನಲ್ಲಿ ಬರೆದುಕೊಂಡು ಹೋಗಬಹುದು. ಸಿದ್ಧ ರವಿಕೆಯೊಂದನ್ನು ಕೊಂಡು, ಹಿಡಿಸಿದರೆ ಅದನ್ನೇ ಅಳತೆಗೆ ಕೊಡುವುದು ಇನ್ನೂ ಸುಲಭ. ಅಳತೆ ಎರಡು ಮೂರು ವರ್ಷ ಬದಲಾಗುತ್ತಲೇ ಇರುವುದರಿಂದ, ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡುವಂತೆ ಹೇಳಬೇಕು. ಬೆಳೆಯುವ ಹೆಣ್ಣುಮಕ್ಕಳಿಗೆ ಮನೆಮನೆಯಲ್ಲೂ ಹೀಗೆಯೇ ಹೊಲಿಸುತ್ತಾರೆ. ಆರು ತಿಂಗಳಿಗೊಮ್ಮೆ ಹೊಸ ರವಿಕೆಯ ಖರ್ಚು ಮಾಡುವ ಬದಲು ಹೊಲಿಗೆ ಬಿಚ್ಚಿ ಸಡಿಲಿಸಿದರೆ ಸಾಕಾಗುತ್ತದೆ.

ನೀರು, ಶೌಚಾಲಯ, ಪ್ರಯಾಣ

ಸ್ಪೈರೊನೊಲ್ಯಾಕ್ಟೋನ್ ಮೂಲತಃ ರಕ್ತದೊತ್ತಡ ಮತ್ತು ಹೃದಯದ ತೊಂದರೆಗಳಿಗೆ ಬಳಸುವ, ಮೂತ್ರವನ್ನು ಹೆಚ್ಚಿಸುವ ಔಷಧ. ಇದನ್ನು ಸೇವಿಸುವವರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಕಚೇರಿಗೆ ಹೋಗುವ ದಿನ ಯಾವ ಶೌಚಾಲಯಕ್ಕೆ ಹೋಗುವುದು, ಗಂಡಸರ ಕಡೆಗೋ ಹೆಂಗಸರ ಕಡೆಗೋ, ಯಾರಾದರೂ ಗದರಿದರೆ ಏನು ಮಾಡುವುದು ಎಂಬ ಚಿಂತೆಯಿಂದ ಬೆಳಗಿನಿಂದ ನೀರನ್ನೇ ಕುಡಿಯದೆ ಬರುವವರಿದ್ದಾರೆ. ಈ ಮಾತ್ರೆಯ ಮೇಲೆ ಇರುವವರು ನೀರು ಬಿಟ್ಟರೆ ರಕ್ತದೊತ್ತಡ ಇಳಿದು ತಲೆ ಸುತ್ತಿ ಬೀಳುವ ಸಂಭವವಿದೆ, ಮೂತ್ರಪಿಂಡಕ್ಕೂ ಕೆಡುಕು. ದೇಹದಲ್ಲಿ ಪೊಟ್ಯಾಸಿಯಂ ಏರುವುದು ಈ ಔಷಧದ ಇನ್ನೊಂದು ಪರಿಣಾಮವಾದ್ದರಿಂದ ರಕ್ತದಲ್ಲಿ ಅದರ ಮಟ್ಟವನ್ನು ಪರೀಕ್ಷಿಸುತ್ತಿರಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದು, ದಿನಕ್ಕೆ ಎರಡು ಮೂರು ಎಳನೀರು ಕುಡಿಯುವ ಅಭ್ಯಾಸವಿದ್ದಲ್ಲಿ ವೈದ್ಯರ ಗಮನಕ್ಕೆ ತರಬೇಕು. ಬಾಯಾರಿಕೆಗೆ ಬರಿಯ ನೀರೇ ಸಾಕು.

ಶೌಚಾಲಯದ ವಿಷಯದಲ್ಲಿ, ಸ್ವಚ್ಛ ಭಾರತ ಅಭಿಯಾನದ ಅಡಿ ಕೇಂದ್ರದ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯವು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಸಮುದಾಯ ಮತ್ತು ಸಾರ್ವಜನಿಕ ಶೌಚಾಲಯಗಳಲ್ಲಿ ಈ ಸಮುದಾಯದವರು ಗಂಡಸರ ಅಥವಾ ಹೆಂಗಸರ ವಿಭಾಗವನ್ನು ತಮ್ಮ ಆಯ್ಕೆಯಂತೆ ಬಳಸಲು ಅವಕಾಶ ಇರಬೇಕೆಂದು ತಿಳಿಸಲಾಗಿತ್ತು. ಮಾರ್ಗಸೂಚಿ ಇದ್ದ ಮಾತ್ರಕ್ಕೆ ಬಾಗಿಲಲ್ಲಿ ನಿಂತವರ ನೋಟ ಬದಲಾಗಿದೆ ಎಂದು ಹೇಳಲಾಗದು. ಅರ್ಜಿದಾರರು ಕಚೇರಿಗೆ ಬಂದೊಡನೆ ವಿಚಾರಣಾ ಕೌಂಟರಿನಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಿಕೊಳ್ಳುವುದು, ಒಂಟಿ ಬಾಗಿಲಿನ ಅಥವಾ ವಿಕಲಚೇತನರ ಶೌಚಾಲಯವಿದ್ದಲ್ಲಿ ಅದನ್ನು ಬಳಸುವುದು ಸದ್ಯಕ್ಕೆ ಕೈಗೆಟಕುವ ಮಾರ್ಗ.

ಪ್ರಯಾಣಕ್ಕೆ ಸಂಬಂಧಿಸಿದಂತೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರೊಂದಿಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣವನ್ನು ಒಳಗೊಂಡಿತು. ಮಾರೇನಹಳ್ಳಿಯಿಂದ ಬಿಎಂಟಿಸಿ ಬಸ್ಸು ಹತ್ತುವವರು ಶೂನ್ಯ ದರದ ಟಿಕೆಟ್ ಕೇಳುವಾಗ ಗುರುತಿನ ದಾಖಲೆ ತೋರಿಸಬೇಕಾಗುತ್ತದೆ. ಇಲ್ಲಿಯೇ ಕಾರ್ಡಿನ ಚಿತ್ರ ಮತ್ತು ಮುಖ ಬೇರೆ ಬೇರೆಯಾಗಿ, ಮಾತು ಬೆಳೆಯುವುದು. ಕೆಲವರು ಈ ರಗಳೆಯೇ ಬೇಡವೆಂದು ಹಣ ಕೊಟ್ಟು ಟಿಕೆಟ್ ಪಡೆಯುತ್ತಾರೆ. ದಾಖಲೆಯನ್ನು ಸಕಾಲದಲ್ಲಿ ಸರಿಪಡಿಸಿಕೊಂಡರೆ ದಿನನಿತ್ಯದ ಆ ಖರ್ಚು ಉಳಿಯುತ್ತದೆ.

ವೈದ್ಯರ ಕೊಠಡಿಯಲ್ಲಿ

ಎದೆಯ ಪರೀಕ್ಷೆ, ಇಸಿಜಿ, ಎಕ್ಸ್-ರೇ ಇವುಗಳಲ್ಲಿ ಬಟ್ಟೆ ಸರಿಸಬೇಕಾಗುತ್ತದೆ. ಪರದೆ ಎಳೆಯುವಂತೆ, ಪರೀಕ್ಷಿಸುವ ಭಾಗವನ್ನಷ್ಟೇ ತೆರೆದು ಉಳಿದದ್ದನ್ನು ಹೊದಿಕೆಯಿಂದ ಮುಚ್ಚುವಂತೆ, ಮಹಿಳಾ ಸಿಬ್ಬಂದಿಯೊಬ್ಬರು ಜೊತೆಗಿರುವಂತೆ ಕೇಳುವುದು ಯಾವುದೇ ರೋಗಿಗೆ ಸಲ್ಲುವ ಸಾಮಾನ್ಯ ಕೋರಿಕೆ. ಅದರಲ್ಲಿ ವಿಶೇಷ ಸೌಲಭ್ಯ ಕೇಳಿದಂತೆ ಆಗುವುದಿಲ್ಲ. ಇಸಿಜಿಗೆ ಹೋಗುವ ದಿನ ಮುಂದೆ ತೆರೆಯುವ ರವಿಕೆ ಅಥವಾ ಗುಂಡಿಯಿರುವ ಕುರ್ತಾ ತೊಟ್ಟರೆ ಪೂರ್ತಿ ಬಿಚ್ಚುವ ಪ್ರಮೇಯ ಬರುವುದಿಲ್ಲ. ಎಕ್ಸ್-ರೇಗೆ ಲೋಹದ ಕೊಂಡಿಯಿಲ್ಲದ ಒಳಉಡುಪು ಅನುಕೂಲ. ಬಾಗಿಲು ತೆರೆದಿಟ್ಟು, ವಿದ್ಯಾರ್ಥಿಗಳನ್ನು ಕರೆಸಿ ತೋರಿಸುವುದಕ್ಕೆ ರೋಗಿಯ ಒಪ್ಪಿಗೆ ಬೇಕು, ಒಪ್ಪದಿರಲು ಅವಕಾಶವಿದೆ.

ರಕ್ತಪರೀಕ್ಷೆಯ ನಮೂನೆಯಲ್ಲಿ ಗಂಡು, ಹೆಣ್ಣು ಎಂಬ ಕಲಂ ಇರುತ್ತದೆ. ಹಿಮೋಗ್ಲೋಬಿನ್ ಮುಂತಾದವುಗಳ ಸಾಮಾನ್ಯ ಮಿತಿಯನ್ನು ಈ ಕಲಂ ನೋಡಿಯೇ ಮುದ್ರಿಸಲಾಗುವುದರಿಂದ, ಚಿಕಿತ್ಸೆ ಪಡೆಯುವವರ ವರದಿಯಲ್ಲಿ ಆರೋಗ್ಯವಾಗಿದ್ದರೂ ಕಡಿಮೆ ಎಂದು ಗುರುತು ಬೀಳಬಹುದು. ಅದನ್ನು ಸ್ವತಃ ಅರ್ಥೈಸದೆ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೇ ತೋರಿಸಬೇಕು. ವರ್ಷಗಳು ಕಳೆದಂತೆ ಎದೆಯ ತಪಾಸಣೆ ಇತರ ಮಹಿಳೆಯರಂತೆ ಅಗತ್ಯವಾಗುತ್ತದೆ. ಹಾಗೆಯೇ ಪ್ರಾಸ್ಟೇಟ್ ಗ್ರಂಥಿ ಉಳಿದೇ ಇರುವುದರಿಂದ ಅದರ ಕಾಳಜಿಯೂ ತಪ್ಪದು.

ಕಚೇರಿಯ ಕೌಂಟರಿನಲ್ಲಿ

ಸರ್ವೋಚ್ಚ ನ್ಯಾಯಾಲಯವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ 2014ರ ಏಪ್ರಿಲ್ 15ರಂದು ನೀಡಿದ ತೀರ್ಪಿನಲ್ಲಿ, ಲಿಂಗ ಗುರುತನ್ನು ಘೋಷಿಸಲು ಶಸ್ತ್ರಚಿಕಿತ್ಸೆಯೇ ಆಗಿರಬೇಕೆಂದು ಒತ್ತಾಯಿಸುವುದು ಕಾನೂನುಬಾಹಿರವೆಂದು ಹೇಳಿತು. ತದನಂತರ 2019ರಲ್ಲಿ ಈ ಸಮುದಾಯದ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂಗೀಕಾರವಾಗಿ 2020ರ ಜನವರಿ 10ರಿಂದ ಜಾರಿಗೆ ಬಂದಿತು. ಅದೇ ವರ್ಷ ನಿಯಮಗಳೂ ಪ್ರಕಟವಾದವು. ಪ್ರಮಾಣಪತ್ರದ ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ, ಸಲ್ಲಿಸುವ ಪದ್ಧತಿ ಈ ಕಾಯ್ದೆಯಿಂದ ಬಂದಿತು. 2020ರ ನಿಯಮಗಳು ಪ್ರಕಟವಾದಾಗ, ಪ್ರಮಾಣಪತ್ರಕ್ಕೆ ದೈಹಿಕ ಅಥವಾ ವೈದ್ಯಕೀಯ ಪರೀಕ್ಷೆ ಬೇಡ, ಅಫಿಡವಿಟ್ ಸಾಕು ಎಂಬ ಕ್ರಮವಿತ್ತು. ಕಾಯ್ದೆ ಮತ್ತು ನಿಯಮಗಳು ತಿದ್ದುಪಡಿಗೆ ಒಳಪಡುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಮೂನೆ ಹಾಗೂ ಲಗತ್ತುಗಳನ್ನು ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು. ಯಾವ ಹಂತದಲ್ಲಿ ವೈದ್ಯಕೀಯ ಅಭಿಪ್ರಾಯ ಬೇಕೆಂದು ನಿಯಮ ಹೇಳಿದರೂ ಅದು ವೈದ್ಯರು ಮುಚ್ಚಿದ ಬಾಗಿಲಿನೊಳಗೆ ನೋಡುವ ವಿಷಯ. ಅರ್ಜಿ ಸ್ವೀಕರಿಸುವ ಗುಮಾಸ್ತರಿಗೆ, ಭದ್ರತಾ ಸಿಬ್ಬಂದಿಗೆ, ನ್ಯಾಯಬೆಲೆ ಅಂಗಡಿಯವರಿಗೆ ಅರ್ಜಿದಾರರ ದೇಹದ ಬಗ್ಗೆ ವಿಚಾರಿಸುವ ಯಾವ ಅಧಿಕಾರವೂ ಇರುವುದಿಲ್ಲ.

ಈ ಸಮುದಾಯವು ಸರ್ಕಾರಿ ವಹಿ ಎಂದರೆ ಹೆದರುವುದಕ್ಕೆ ಕಾರಣವಿಲ್ಲದಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ ಸೇರಿಸಲಾದ 36-ಎ ಪ್ರಕರಣವು ಇವರ ಹೆಸರು ವಿಳಾಸಗಳನ್ನು ಪೊಲೀಸ್ ವಹಿಯಲ್ಲಿ ಬರೆದಿಡಲು ಅವಕಾಶ ಕಲ್ಪಿಸಿತ್ತು. ಉಚ್ಚ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸಲಾಯಿತು, 2016ರ ತಿದ್ದುಪಡಿಯಲ್ಲಿ ಸಮುದಾಯವನ್ನು ಸೂಚಿಸುತ್ತಿದ್ದ ಪದವನ್ನು ಅದರಿಂದ ತೆಗೆಯಲಾಯಿತು. ಕೌಂಟರಿನಲ್ಲಿ ಕುಳಿತವರು ಇದನ್ನು ತಿಳಿದಿದ್ದರೆ, ಎದುರಿಗಿರುವವರು ಹೆಸರು ಹೇಳಲು ಏಕೆ ತಡವರಿಸುತ್ತಾರೆಂಬುದು ಅರ್ಥವಾಗುತ್ತದೆ. ದಾಖಲೆಯಲ್ಲಿರುವ ಹಳೆಯ ಹೆಸರನ್ನು ಸಭಾಂಗಣ ತುಂಬಾ ಕೂಗುವ ಬದಲು ಟೋಕನ್ ಸಂಖ್ಯೆಯನ್ನು ಕೂಗಿ, ಹತ್ತಿರ ಬಂದ ಮೇಲೆ "ನಿಮ್ಮನ್ನು ಯಾವ ಹೆಸರಿನಿಂದ ಕರೆಯಲಿ, ಅಮ್ಮಾ?" ಎಂದು ಕೇಳುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಅರ್ಜಿದಾರರು ಗಮನಿಸಬೇಕಾದ ಒಂದು ಅಂಶ: ನಮೂನೆಯಲ್ಲಿ ಕೇಳದ ಹೊರತು ಹಾರ್ಮೋನ್ ಚಿಕಿತ್ಸೆಯ ಚೀಟಿ, ರಕ್ತಪರೀಕ್ಷೆಯ ವರದಿ, ಮನೋವೈದ್ಯರ ಪತ್ರ ಇವುಗಳನ್ನು ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಮಾಸಾಶನದ ಅರ್ಜಿಗಳಿಗೆ ಲಗತ್ತಿಸಬಾರದು. ಹೆಚ್ಚು ಕಾಗದವಿದ್ದರೆ ಕೆಲಸ ಬೇಗ ಆಗುವುದೆಂಬ ನಂಬಿಕೆ ಜನರಲ್ಲಿದೆ. ಕಡತಕ್ಕೆ ಒಮ್ಮೆ ಸೇರಿದ ಕಾಗದ ಎಷ್ಟು ಮೇಜುಗಳನ್ನು ದಾಟುವುದೆಂದು ಯಾರೂ ಮುಂಚಿತವಾಗಿ ಹೇಳಲಾರರು.

ಭಾವಚಿತ್ರ, ಬೆರಳಚ್ಚು, ಹೆಸರು

ಬದಲಾವಣೆ ಪೂರ್ಣಗೊಂಡ ಮೇಲೆ ಒಂದೇ ಬಾರಿಗೆ ಎಲ್ಲ ದಾಖಲೆಗಳನ್ನು ಸರಿಪಡಿಸೋಣವೆಂದು ಕಾಯುವುದು ಸಾಮಾನ್ಯ ತಪ್ಪು. ಎರಡು ಮೂರು ವರ್ಷ ಕಾದರೆ ಅಷ್ಟು ಕಾಲದ ಮಾಸಾಶನ, ಪಡಿತರ, ಬಸ್ಸಿನ ಸೌಲಭ್ಯ ನಷ್ಟವಾಗುತ್ತದೆ. ಕಳೆದ ತಿಂಗಳುಗಳ ಬಾಕಿ ನಂತರ ದೊರೆಯುವ ಖಾತರಿಯೂ ಇರುವುದಿಲ್ಲ. ಈಗಿನ ಮುಖವೇ ಈಗಿನ ದಾಖಲೆಗೆ ಸಾಕು. ಆಧಾರ್ ನೋಂದಣಿ ಕೇಂದ್ರದಲ್ಲಿ ಭಾವಚಿತ್ರವನ್ನು ಹೊಸದಾಗಿ ತೆಗೆಸಿಕೊಳ್ಳಲು ಅವಕಾಶವಿದೆ, ಮುಂದೆ ಬದಲಾದಾಗ ಮತ್ತೊಮ್ಮೆ ತೆಗೆಸಿಕೊಳ್ಳಬಹುದು. ಚಿತ್ರ ತೆಗೆಸುವ ದಿನ ನಿತ್ಯ ತೊಡುವ ಉಡುಪನ್ನೇ ತೊಟ್ಟು, ನಿತ್ಯ ಬಾಚುವಂತೆಯೇ ತಲೆ ಬಾಚಿರಬೇಕು. ಹಬ್ಬದ ಅಲಂಕಾರದ ಚಿತ್ರದಲ್ಲಿರುವ ಮುಖವನ್ನು ಮರುದಿನ ಬಸ್ಸಿನಲ್ಲಿ ಗುರುತಿಸುವುದು ಯಾವ ಮಹಿಳೆಯ ವಿಷಯದಲ್ಲೂ ಕಷ್ಟ.

ಚಿತ್ರ ಹೊಂದುತ್ತಿಲ್ಲವೆಂದು ನ್ಯಾಯಬೆಲೆ ಅಂಗಡಿಯಲ್ಲಿ ಅಥವಾ ಬ್ಯಾಂಕಿನಲ್ಲಿ ಆಕ್ಷೇಪ ಬಂದಲ್ಲಿ ಅರ್ಜಿದಾರರು ವಾದಕ್ಕಿಳಿಯದೆ ಬೆರಳಚ್ಚು ಪಡೆಯುವಂತೆ ಕೇಳಬೇಕು. ಮೇಲೆ ತಿಳಿಸಿದಂತೆ ಬೆರಳಿನ ಗೆರೆಗಳು ಚಿಕಿತ್ಸೆಗೆ ಮುಂಚೆ ಹೇಗಿದ್ದವೋ ಹಾಗೆಯೇ ಇರುತ್ತವೆ; ಯಂತ್ರ ಒಪ್ಪಿದರೆ ಅದೇ ವ್ಯಕ್ತಿ ಎಂಬುದು ಅಲ್ಲಿಗೆ ಇತ್ಯರ್ಥವಾಗುತ್ತದೆ. ಪಾತ್ರೆ ತೊಳೆದು, ಸಿಮೆಂಟು ಕಲಸಿ ಗೆರೆ ಸವೆದಿದ್ದಲ್ಲಿ ಕಣ್ಣಿನ ಪಾಪೆಯ ದೃಢೀಕರಣ ಇರುವಲ್ಲಿ ಅದನ್ನು ಕೋರಬಹುದು.

ಜನನ ಪ್ರಮಾಣಪತ್ರದ ತಿದ್ದುಪಡಿ ಹೆಚ್ಚು ತೊಡಕಿನದು. ಕರ್ನಾಟಕ ಉಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತರೊಬ್ಬರ ಅರ್ಜಿಯನ್ನು ಇತ್ಯರ್ಥಪಡಿಸುತ್ತಾ, ಜನನ ಮರಣ ನೋಂದಣಿ ಕಾಯ್ದೆಗೆ ತಕ್ಕ ತಿದ್ದುಪಡಿ ಆಗುವವರೆಗೆ ಹಿಂದಿನ ಹಾಗೂ ಈಗಿನ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪರಿಷ್ಕೃತ ಪ್ರಮಾಣಪತ್ರ ನೀಡುವಂತೆ ನೋಂದಣಾಧಿಕಾರಿಗಳಿಗೆ ನಿರ್ದೇಶಿಸಿತು. ಹಳೆಯ ಹೆಸರೂ ಪ್ರಮಾಣಪತ್ರದಲ್ಲಿ ಉಳಿಯುವುದು ಕೆಲವರಿಗೆ ನೋವಿನ ಸಂಗತಿ. ಆದರೆ ಹತ್ತನೆಯ ತರಗತಿಯ ಅಂಕಪಟ್ಟಿ, ಬ್ಯಾಂಕ್ ಖಾತೆ, ಜಮೀನಿನ ಪಹಣಿ ಹಳೆಯ ಹೆಸರಿನಲ್ಲಿರುವಾಗ ಎರಡೂ ಹೆಸರನ್ನು ಒಂದೇ ಹಾಳೆಯಲ್ಲಿ ಜೋಡಿಸುವ ದಾಖಲೆಯಾಗಿ ಅದು ಕೆಲಸಕ್ಕೆ ಬರುತ್ತದೆ. ಅಂತಹ ಹಾಳೆಯನ್ನು ಅಗತ್ಯವಿರುವ ಕಡೆ ಮಾತ್ರ ತೋರಿಸಿ, ಉಳಿದೆಡೆ ಗುರುತಿನ ಚೀಟಿಯನ್ನಷ್ಟೇ ಬಳಸಬಹುದು.

ಮಾರೇನಹಳ್ಳಿಯ ಅರ್ಜಿದಾರರಿಗೆ ಸೂಚನೆ

ಬೆಂಗಳೂರು ನಗರ ಜಿಲ್ಲಾಧಿಕಾರಿಗಳ ಕಚೇರಿಯು ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿದೆ. ವಿಜಯನಗರ ಮೆಟ್ರೋ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಅಲ್ಲಿಂದ ತಲುಪಬಹುದು. ನಗರದ ದಕ್ಷಿಣದಲ್ಲಿ ಜಯನಗರ, ಜೆ.ಪಿ. ನಗರಗಳ ಬಳಿಯೂ ಮಾರೇನಹಳ್ಳಿ ಎಂಬ ಪ್ರದೇಶವಿರುವುದರಿಂದ, ಬರಿದೇ ಮಾರೇನಹಳ್ಳಿ ಎಂದು ಬರೆದ ಅರ್ಜಿ ಬೇರೆ ವ್ಯಾಪ್ತಿಗೆ ಹೋಗಿ, ಅಲ್ಲಿಂದ ಹಿಂತಿರುಗುವ ಸಂಭವವಿದೆ. ಹಾಗೆ ಹಿಂತಿರುಗಿದ ಪತ್ರವನ್ನು ವಠಾರದ ಬೇರೆಯವರು ಪಡೆದು ಒಡೆದು ಓದುವುದೂ ಉಂಟು. ಆದ್ದರಿಂದ ವಿಳಾಸದಲ್ಲಿ ಮನೆಯ ಸಂಖ್ಯೆ, ಅಡ್ಡರಸ್ತೆ, ವಿಜಯನಗರ ಎಂಬ ಹೆಸರು ಹಾಗೂ ಪಿನ್ ಕೋಡ್ 560040 ಇವುಗಳನ್ನು ತಪ್ಪದೆ ಬರೆಯತಕ್ಕದ್ದು. ಪತ್ರ ಮನೆಗೆ ಬರುವುದು ಬೇಡವೆನಿಸಿದಲ್ಲಿ ಸ್ವಂತ ಮೊಬೈಲ್ ಸಂಖ್ಯೆಯನ್ನು ನೀಡಿ, ಪ್ರಮಾಣಪತ್ರ ಸಿದ್ಧವಾದಾಗ ಖುದ್ದಾಗಿ ಪಡೆಯಲು ಅವಕಾಶವಿದೆಯೇ ಎಂದು ಅರ್ಜಿ ಸಲ್ಲಿಸುವಾಗಲೇ ವಿಚಾರಿಸಿಕೊಳ್ಳುವುದು.